ಲಾಸ್ ಏಂಜಲಿಸ್‌ನ ರೆಡ್ ಕಾರ್ ರೈಲುಗಳನ್ನು ಉಳಿಸಿಕೊಳ್ಳಬೇಕಿತ್ತಾ?

ಪರ

ಲಾಸ್ ಏಂಜಲಿಸ್ ಅಂದ ಕೂಡಲೇ ಕಾರು, ಟ್ರಾಫಿಕ್ಕು ನೆನಪಾಗುತ್ತೆ ಅಲ್ವಾ? ಅದೇ ಊರಿನ ಸುತ್ತ ಒಂದು ಕಾಲಕ್ಕೆ 1,600 ಕಿ.ಮೀ.ನಷ್ಟು ಹಳಿ ಇತ್ತು. 1901ರಲ್ಲಿ ಹೆನ್ರಿ ಹಂಟಿಂಗ್ಟನ್ ಶುರು ಮಾಡಿದ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಕೆಂಪು ಕರೆಂಟ್ ರೈಲುಗಳು, ಅಂದರೆ ರೆಡ್ ಕಾರ್‌ಗಳು, ಪಸಾಡೆನಾ, ಸಾಂಟಾ ಮೋನಿಕಾ, ಸ್ಯಾನ್ ಬರ್ನಾರ್ಡಿನೋವರೆಗೂ ಓಡುತ್ತಿದ್ದವು.

ಲಾಂಗ್ ಬೀಚ್ ಮಾರ್ಗವನ್ನೇ ನೋಡಿ. ದಾರಿಯಲ್ಲಿ ಸಿಗುವ ವಾಟ್ಸ್ ಬಡಾವಣೆವರೆಗೆ ನಾಲ್ಕು ಹಳಿ. ಎಲ್ಲ ಕಡೆ ನಿಲ್ಲುವ ಗಾಡಿಗೆ ಬೇರೆ, ಎಕ್ಸ್‌ಪ್ರೆಸ್‌ಗೆ ಬೇರೆ. ಒಂದರ ಹಿಂದೆ ಇನ್ನೊಂದು ಕಾಯುವ ತಾಪತ್ರಯವೇ ಇಲ್ಲ. ಇಂಥ ಮಾರ್ಗದಲ್ಲಿ 1961ರ ಏಪ್ರಿಲ್‌ನಲ್ಲಿ ರೈಲು ನಿಲ್ಲಿಸಿ ಬಸ್ ಬಿಟ್ಟರು. 1990ರಲ್ಲಿ ಬಹುಪಾಲು ಅದೇ ದಾರಿಯಲ್ಲಿ ಬ್ಲೂ ಲೈನ್ ಅನ್ನೋ ಹೊಸ ನಗರ ರೈಲು ಬಂತು. ಹಳಿ, ತಂತಿ, ನಿಲ್ದಾಣ, ಎಲ್ಲಕ್ಕೂ ಹೊಸದಾಗಿ ದುಡ್ಡು. ಸಾಂಟಾ ಮೋನಿಕಾಕ್ಕೆ ರೈಲು ವಾಪಸ್ ಬಂದದ್ದಂತೂ 2016ರಲ್ಲಿ.

ಉಳಿಸಿಕೊಂಡರೆ ಉಳಿಯುತ್ತದೆ ಅನ್ನೋದಕ್ಕೆ ಷಿಕಾಗೋದಿಂದ ಸೌತ್ ಬೆಂಡ್‌ಗೆ ಹೋಗುವ ಸೌತ್ ಶೋರ್ ಲೈನ್ ಇದೆ. ಅದೇ ಕಾಲದ ರೈಲು. ಸರ್ಕಾರ ಕೈಹಿಡಿದದ್ದರಿಂದ ಇವತ್ತಿಗೂ ಓಡುತ್ತಿದೆ.

ವಿರೋಧ

ಮೊದಲು ಆ ಪಿತೂರಿಯ ಕಥೆ ಬದಿಗಿಡೋಣ. ಕಾರು, ಬಸ್ಸು ತಯಾರಿಸುವ ಜನರಲ್ ಮೋಟರ್ಸ್ ಬೇರೆ ಕಂಪನಿಗಳ ಜೊತೆ ಸೇರಿ ರೆಡ್ ಕಾರನ್ನು ಮುಗಿಸಿತು ಅಂತಾರೆ. ಬಸ್ ಮಾರಾಟ ತಮ್ಮ ಕೈಲೇ ಇರಲಿ ಅಂತ ಸಂಚು ಮಾಡಿದ್ದಕ್ಕೆ 1949ರಲ್ಲಿ ಕೋರ್ಟು ಅವರನ್ನು ತಪ್ಪಿತಸ್ಥರು ಅಂದದ್ದು ನಿಜ. ಆದರೆ ಆ ಕೇಸಿನಲ್ಲಿದ್ದ, ಜನರಲ್ ಮೋಟರ್ಸ್ ದುಡ್ಡು ಹಾಕಿದ್ದ ನ್ಯಾಷನಲ್ ಸಿಟಿ ಲೈನ್ಸ್ ಅನ್ನೋ ಬಸ್ ಕಂಪನಿಗಳ ಬಳಗ ಇಲ್ಲಿ ಕೊಂಡದ್ದು ಊರೊಳಗಿನ ಹಳದಿ ಟ್ರಾಮುಗಳ ಕಂಪನಿಯನ್ನು, ಕೆಂಪು ರೈಲನ್ನಲ್ಲ.

ಕೆಂಪು ರೈಲು ಓಡಿದ್ದೇ ಸೈಟು ಮಾರೋದಕ್ಕೆ. ಹಂಟಿಂಗ್ಟನ್ ಜಮೀನು ಕೊಳ್ಳುತ್ತಿದ್ದ, ಅಲ್ಲಿಗೆ ಹಳಿ ಹಾಕಿಸುತ್ತಿದ್ದ. ರೈಲಿನ ನಷ್ಟ ಸೈಟಿನಲ್ಲಿ ತುಂಬುತ್ತಿತ್ತು. ಸೈಟೆಲ್ಲ ಮಾರಿದ ಮೇಲೆ ರೈಲನ್ನು ಸಾಕುವವರು ಯಾರು? 1911ರಲ್ಲಿ ಅದು ಸದರ್ನ್ ಪೆಸಿಫಿಕ್ ಅನ್ನೋ ದೊಡ್ಡ ರೈಲು ಕಂಪನಿಯ ಕೈ ಸೇರಿತು. ಅವರಿಗೆ ಲಾಭ ಕಂಡದ್ದು ಸರಕು ಸಾಗಣೆಯಲ್ಲಿ.

ಇನ್ನು ವೇಗ. ಊರಾಚೆ ಜೋರು, ಪೇಟೆಯೊಳಗೆ ಕಾರುಗಳ ನಡುವೆಯೇ ತೆವಳಬೇಕು. 1925ರಲ್ಲಿ ಪೇಟೆಯ ಹಿಲ್ ಸ್ಟ್ರೀಟ್‌ನಿಂದ ಸುಮಾರು ಒಂದು ಮೈಲಿ ಸುರಂಗ ತೋಡಿದರು. ಗ್ಲೆಂಡೇಲ್, ಹಾಲಿವುಡ್ ಕಡೆಯವರಿಗೆ ಅನುಕೂಲವಾಯಿತು. ಲಾಂಗ್ ಬೀಚ್ ಗಾಡಿಗೆ ಬೀದಿಯೇ ಗತಿ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲ್, ಟೈರಿಗೆ ರೇಷನ್ ಬಂದಾಗ ರೈಲು ತುಂಬಿ ತುಳುಕಿತು. ರೇಷನ್ ಮುಗಿದದ್ದೇ ತಡ, ಜನ ಕಾರು ಹತ್ತಿದರು. ತೆರಿಗೆ ದುಡ್ಡು ಸುರಿದಿದ್ದರೆ ರೈಲು ಉಳಿಯುತ್ತಿತ್ತೇನೋ. ಆದರೆ ಆ ಜನ ಕೇಳುತ್ತಿದ್ದದ್ದು ಫ್ರೀವೇ, ಅಂದರೆ ಸಿಗ್ನಲ್ ಇಲ್ಲದ ಹೆದ್ದಾರಿ. ಸುಮ್ನೆ ಕಂಪನಿಯನ್ನು ಬೈದು ಏನು ಬಂತು?

ಅಷ್ಟಕ್ಕೂ ಲಾಂಗ್ ಬೀಚ್ ದಾರಿ ಕೈತಪ್ಪಲಿಲ್ಲವಲ್ಲ. ಪ್ರಯಾಣಿಕರು ಇಳಿದ ಮೇಲೂ ಅಲ್ಲಿ ಗೂಡ್ಸ್ ಗಾಡಿಗಳು ಓಡುತ್ತಲೇ ಇದ್ದವು. ಬ್ಲೂ ಲೈನ್‌ಗೆ ಜಾಗ ಸಿಕ್ಕಿದ್ದೇ ಅದರಿಂದ.