ಸತ್ಯಾಂಶ: ಕೊತ್ತಂಬರಿ ಬೀಜದ ನೀರು ಥೈರಾಯ್ಡ್ ಮಾತ್ರೆಗೆ ಬದಲಿಯಲ್ಲ

‘ಕೊತ್ತಂಬರಿ ಬೀಜ ನೆನೆಸಿದ ನೀರನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ, ಥೈರಾಯ್ಡ್ ಮಾತ್ರೆ ಬಿಟ್ಟುಬಿಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರು ಕುಡಿಯಲು ಅಡ್ಡಿಯಿಲ್ಲ. ಮಾತ್ರೆ ಬಿಡುವುದೇ ತೊಂದರೆ.

ಹೈಪೋಥೈರಾಯ್ಡಿಸಂ ಇದ್ದವರಲ್ಲಿ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸುವುದಿಲ್ಲ; ಹಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡವಿರುತ್ತದೆ. ಇವರಿಗೆ ಕೊಡುವ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆಯಲ್ಲಿರುವುದು ಅದೇ ಹಾರ್ಮೋನು. ಕೊತ್ತಂಬರಿಯಲ್ಲಿ ಅದಿಲ್ಲ.

ಹಾಗಾದರೆ ‘ನನಗೆ ಗುಣವಾಯಿತು’ ಎನ್ನುವವರು? ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಬಿಟ್ಟ ಮೊದಲ ವಾರಗಳಲ್ಲಿ ಏನೂ ಅನ್ನಿಸದಿರಬಹುದು, ಹೊಗಳಿಕೆಯೆಲ್ಲ ನೀರಿಗೆ ಸಲ್ಲುತ್ತದೆ! ಸುಸ್ತು, ಮಲಬದ್ಧತೆ, ತೂಕ ಏರಿಕೆ ಆಮೇಲೆ ಮೆಲ್ಲಗೆ ಮರಳುತ್ತವೆ. ಡೋಸ್ ಬದಲಿಸಿದ ಮೇಲೆ ಎಂಡೋಕ್ರಿನಾಲಜಿಸ್ಟ್‌ಗಳು (ಹಾರ್ಮೋನು ತಜ್ಞರು), ಹಾರ್ಮೋನು ಸಾಕಾಗುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆಗೆ ಸಾಮಾನ್ಯವಾಗಿ 6ರಿಂದ 8 ವಾರ ಕಾಯುವುದೂ ಇದೇ ಕಾರಣಕ್ಕೆ. ಗರ್ಭಿಣಿಯರಿಗೆ ಅಷ್ಟು ದಿನ ಕಾಯುವುದಿಲ್ಲ. ಅವರಲ್ಲಿ ಬಹುತೇಕರಿಗೆ ಡೋಸ್ ಹೆಚ್ಚಿಸಬೇಕಾಗುತ್ತದೆ, ಮಾತ್ರೆ ಬಿಟ್ಟರೆ ಮಗುವಿಗೂ ಅಪಾಯ.

ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತದಂಥ ಕೆಲವು ಸಂದರ್ಭಗಳಲ್ಲಿ ಮಾತ್ರೆ ನಿಲ್ಲಿಸಲು ಸಾಧ್ಯ, ನಿಜ. ಅದನ್ನು ವೈದ್ಯರು ರಕ್ತಪರೀಕ್ಷೆ ನೋಡಿ ನಿರ್ಧರಿಸುತ್ತಾರೆ.

ಅಂದಹಾಗೆ, ಮಾತ್ರೆ ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಬೇಡ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ.