ಆ ಜಿ-ಎಚ್ ಒಂದು ಕಾಲಕ್ಕೆ ಬಾಯಲ್ಲಿತ್ತು

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಅಕ್ಕನ ಮಗಳು ಐದನೇ ಕ್ಲಾಸು. ಊಟ ಆದಮೇಲೂ ಮಲಗದೆ ನಡುಮನೆಯಲ್ಲಿ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಡಿಕ್ಟೇಷನ್ನಿನಲ್ಲಿ ಹತ್ತಕ್ಕೆ ಮೂರು. ತಪ್ಪಾದ ಏಳು ಪದಗಳನ್ನೂ ಇಪ್ಪತ್ತಿಪ್ಪತ್ತು ಸಲ ಬರೆಯಬೇಕಂತೆ. ತೆಗೆದು ನೋಡಿದೆ. ಟಫ್ ಅನ್ನೋದಕ್ಕೆ ಟಿ-ಯು-ಎಫ್ ಬರೆದಿದ್ದಾಳೆ. ಕಾಫ್‌ಗೆ ಸಿ-ಓ-ಎಫ್. ಥ್ರೂಗೆ ಟಿ-ಎಚ್-ಆರ್-ಯು. ಒಂದೊಂದರ ಮೇಲೂ ಕೆಂಪು ಪೆನ್ನಿನ ಗೀಟು, ಹಾಳೆಯ ಹಿಂದುಗಡೆ ಬೆರಳಾಡಿಸಿದರೆ ಕೈಗೆ ಸಿಗುವಷ್ಟು ಒತ್ತಿ ಎಳೆದದ್ದು.

"ಮಾಮ, ಓ-ಯು-ಜಿ-ಎಚ್ ಅಂತ ಅದೇ ನಾಲ್ಕು ಅಕ್ಷರ. ಒಂದ್ಕಡೆ ಊ ಅಂತೆ, ಒಂದ್ಕಡೆ ಅಫ್ ಅಂತೆ. ಯಾಕೆ?" ಅಂದಳು. ಕ್ಲಾಸಲ್ಲೂ ಇದನ್ನೇ ಕೇಳಿದ್ದಳಂತೆ. "ಇಂಗ್ಲಿಷ್ ಹಾಗೇನೇ, ಬೈಹಾರ್ಟ್ ಮಾಡು" ಅಂದರಂತೆ.

ಹಾಗೇನೇ ಅಲ್ಲ! ನಾನು ಕನ್ನಡ ಮೇಷ್ಟ್ರು, ಆದರೂ ಇಂಗ್ಲಿಷ್ ಡಿಕ್ಷನರಿಯಲ್ಲಿ ಪದದ ಮೂಲ ಹುಡುಕೋ ಹುಚ್ಚು ನನಗಿದೆ ಅಂತ ನಿಮಗೆ ಗೊತ್ತು. ಆ ಜಿ-ಎಚ್ ಒಂದು ಕಾಲಕ್ಕೆ ಜನರ ಬಾಯಲ್ಲಿದ್ದ ಉಚ್ಚಾರ. ಗಂಟಲು ಕೆರೆದ ಹಾಗೆ ಬರುವ ಒರಟು ಹಕಾರ. ಹಳೇ ಇಂಗ್ಲಿಷಿನವರು ಅದನ್ನು ಬರೀ ಎಚ್ ಹಾಕಿ ಬರೆಯುತ್ತಿದ್ದರು. ರಾತ್ರಿಗೆ ನಿಹ್ಟ್, ಮಗಳಿಗೆ ದೊಹ್ಟೊರ್, ಥ್ರೂಗೆ ಥುರ್ಹ್. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದು ಬಂದಮೇಲೆ ಲಿಪಿಕಾರರ ಪದ್ಧತಿ ಬದಲಾಗಿ, ಕ್ರಮೇಣ ಅಲ್ಲಿ ಜಿ-ಎಚ್ ನೆಲೆಯಾಯಿತು. 1476ರಲ್ಲಿ ಕ್ಯಾಕ್ಸ್‌ಟನ್ ಅನ್ನೋನು ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟ. ಅಲ್ಲಿಂದಾಚೆಗೆ ಸ್ಪೆಲಿಂಗು ಮೆಲ್ಲಗೆ ಹೆಪ್ಪುಗಟ್ಟುತ್ತಾ ಬಂತು, ಆದರೆ ನಾಲಿಗೆ ತನ್ನ ಪಾಡಿಗೆ ಹರಿಯುತ್ತಲೇ ಇತ್ತು. ಆ ಒರಟು ಹಕಾರ ಕೆಲವು ಪದಗಳಲ್ಲಿ ತುಟಿಗೆ ಬಂದು ಫ ಆಯಿತು: ಟಫ್, ರಫ್, ಕಾಫ್, ಇನಫ್. ಉಳಿದ ಕಡೆ ಸದ್ದಿಲ್ಲದೆ ಬಿದ್ದುಹೋಯಿತು: ಥ್ರೂ, ದೋ, ಬೌ, ಥಾಟ್. 1755ರಲ್ಲಿ ಜಾನ್ಸನ್ನನ ಡಿಕ್ಷನರಿ ಬರುವ ಹೊತ್ತಿಗೆ ಲಂಡನ್ನಿನ ಮಾತಲ್ಲಿ ಅದು ಇರಲೇ ಇಲ್ಲ, ಅಕ್ಷರ ಮಾತ್ರ ಉಳಿದಿತ್ತು. ಸ್ಕಾಟ್ಲೆಂಡಿನ ಆಡುಮಾತಲ್ಲಿ ಇವತ್ತಿಗೂ ರಾತ್ರಿಗೆ ನಿಖ್ಟ್ ಅನ್ನೋರಿದ್ದಾರೆ.

ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಮಗುವಿಗೆ ಎರಡು ನಿಮಿಷ ಕೊಡಲಿಲ್ಲ, ನೂರಾನಲವತ್ತು ಸಲ ಬರೆಯೋ ಶಿಕ್ಷೆ ಕೊಟ್ಟರು.

ಅವಳ ಕಿವಿ ತಪ್ಪು ಕೇಳಿಲ್ಲ ಕಣ್ರೀ. ನಾವು ಕನ್ನಡದವರು ಕೇಳಿದ್ದನ್ನೇ ಬರೆಯೋರು. ಹಳಗನ್ನಡದ ಪಾಲ್, ಪೂ, ಪೆಸರ್ ಜನರ ಬಾಯಲ್ಲಿ ಹಕಾರಕ್ಕೆ ತಿರುಗಿದಾಗ ಬರಹವೂ ಹಿಂದೆಯೇ ಹೋಯಿತು: ಹಾಲು, ಹೂ, ಹೆಸರು. ಏೞು ಅನ್ನೋದರಲ್ಲಿದ್ದ ೞ ನಾಲಿಗೆಯಿಂದ ಹೋದಮೇಲೆ ಅಕ್ಷರಮಾಲೆಯಿಂದಲೂ ಬಿಟ್ಟೆವು. ಪಂಪನ ಪದ್ಯ ಮಾಡುವಾಗ ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳ್ತೀನಿ, ಕಣ್ಣರಳಿಸಿ ಕೇಳ್ತಾರೆ. ಆ ಸುಖ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಯಾಕೆ ಸಿಗಬಾರದು?

"ಒಂದು ಸೆಕ್ಷನ್ನಿಗೆ ಅರವತ್ತು ಮಕ್ಕಳು, ಪೋರ್ಷನ್ ಮುಗಿಸಬೇಕು" ಅಂತ ಕಾಮೆಂಟ್ ಬರುತ್ತೆ. ನಾನೂ ಅದೇ ಪೋರ್ಷನ್ ಮುಗಿಸೋನೇ. ಏಳು ಪದ ಇಪ್ಪತ್ತಿಪ್ಪತ್ತು ಸಲ ಬರೆಸಿ, ಅದನ್ನು ತಿದ್ದೋಕೆ ಸಮಯ ಇದೆ ಅಂದಮೇಲೆ ಆ ಮಾತು ನಾನು ಒಪ್ಪಲ್ಲ.

ದೊಡ್ಡವರು ಮಾಡಿದ ತಪ್ಪಿಗೆ ಯಾರೂ ಗೀಟು ಹಾಕಲಿಲ್ಲ ಅನ್ನೋದನ್ನೂ ಹೇಳಲೇಬೇಕು. ಡಿಲೈಟ್ ಅನ್ನೋ ಪದ ಫ್ರೆಂಚಿನ ಕಡೆಯಿಂದ ಬಂದದ್ದು, ಅದರಲ್ಲಿ ಜಿ-ಎಚ್ ಇರಲೇ ಇಲ್ಲ. ಲೈಟ್ ಇದ್ದ ಹಾಗೇ ಇರಬೇಕು ಅಂದುಕೊಂಡು ಯಾರೋ ಸೇರಿಸಿದರು, ಅದೇ ನಿಂತಿತು. ಆ ತಪ್ಪು ಡಿಕ್ಷನರಿಯಲ್ಲಿ ಮರ್ಯಾದೆಯಿಂದ ಕೂತಿದೆ. ನನ್ನ ಸೊಸೆಯದು ಕೆಂಪು ಗೀಟಿನ ಕೆಳಗಿದೆ.

ಯಾರಿಗೂ ಹೇಳದ ಒಂದು ಮಾತು. ಹೈಸ್ಕೂಲಲ್ಲಿ ಡಾಟರ್‌ಗೆ ಡಿ-ಎ-ಟಿ-ಇ-ಆರ್ ಬರೆದು ನಾನು ಒಂದಿಡೀ ಪೀರಿಯಡ್ ಬೆಂಚಿನ ಮೇಲೆ ನಿಂತಿದ್ದೆ. ಆಮೇಲೆ ಡಿಗ್ರಿ ಮುಗಿಯೋವರೆಗೂ ಇಂಗ್ಲಿಷ್ ಕ್ಲಾಸಲ್ಲಿ ಬಾಯಿ ಬಿಡಲಿಲ್ಲ. ಆ ಪದ ನಮ್ಮ ಸಂಸ್ಕೃತದ ದುಹಿತೃವಿನ ದಾಯಾದಿ, ಏಟ್ ಅಷ್ಟದ ದಾಯಾದಿ, ನೈಟ್ ನಕ್ತದ ದಾಯಾದಿ ಅಂತ ಗೊತ್ತಾಗಿದ್ದು ಮೂವತ್ತು ದಾಟಿದಮೇಲೆ. ಅವತ್ತು ಖುಷಿಗಿಂತ ಅಳುವೇ ಹೆಚ್ಚು ಬಂತು. ಇದನ್ನು ಆಗಲೇ ಒಬ್ಬರು ಹೇಳಿದ್ದರೆ ಅನ್ನಿಸಿತು.

ನಿನ್ನೆ ಅವಳಿಗೆ ಹೇಳಿದೆ. ಗಂಟಲಿಂದ "ದೊಹ್ಟೊರ್" ಅನ್ನಿಸಿದೆ. ನಾಲ್ಕು ಸಲ ಅಂದು ನೋಡಿ, "ಮಾಮ, ಇಲ್ಲಿ ಕಚಗುಳಿ ಆಗತ್ತೆ" ಅಂತ ಕತ್ತು ಮುಟ್ಟಿ ತೋರಿಸಿದಳು. ಆಮೇಲೆ ಪೆನ್ಸಿಲ್ ಹಿಡಿದು ಟಫ್ ಬರೆಯೋಕೆ ಕೂತಳು. ಜಿ-ಎಚ್ ಬಂದಾಗೆಲ್ಲ ಮೆಲ್ಲಗೆ ಗಂಟಲು ಕೆರೆಯುತ್ತಿದ್ದಳು. ಹದಿಮೂರನೇ ಸಲಕ್ಕೆ ನಿದ್ದೆ ಬಂತು, ನೋಟ್‌ಬುಕ್ ಮುಚ್ಚಿಟ್ಟೆ.

ಸೋಮವಾರ ಅವಳ ಶಾಲೆಗೆ ಹೋಗ್ತಿದ್ದೀನಿ. ಡಿಕ್ಷನರಿ ಬ್ಯಾಗಿಗೆ ಹಾಕಿಟ್ಟಾಗಿದೆ.