ಹನ್ನೆರಡು ದಿನಕ್ಕೊಂದು ಬಾಟಲಿ

ಎಸ್‌ಎಂಎ ಎಂಬ, ಸ್ನಾಯುಗಳ ಬಲ ಕುಂದಿಸುವ ಅಪರೂಪದ ಕಾಯಿಲೆ ಇರುವ ಮಕ್ಕಳ ಔಷಧಿ ರಿಸ್ಡಿಪ್ಲಾಮ್ ಬೆಲೆ ಇಳಿದ ಸುದ್ದಿ ಓದಿರುತ್ತೀರಿ. ಬಾಟಲಿಗೆ 6 ಲಕ್ಷಕ್ಕೂ ಜಾಸ್ತಿ ಇದ್ದದ್ದು 15,900 ರೂಪಾಯಿ ಆಯಿತು. ದೀಪಾವಳಿ ಡಿಸ್ಕೌಂಟ್ ಅಲ್ಲ. ಅದೇ ಔಷಧಿಯನ್ನು ಅಗ್ಗಕ್ಕೆ ಮಾಡಲು ಹೊರಟ ನಮ್ಮ ದೇಶದ ನ್ಯಾಟ್ಕೋ ಕಂಪನಿಯನ್ನು ತಡೆಯಲು ಹೋದ, ಪೇಟೆಂಟ್ ಹಿಡಿದಿದ್ದ ರೋಶ್ ಕಂಪನಿ, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದಲೂ ಬರಿಗೈಲಿ ವಾಪಸಾದ ಮೇಲೆ ಸಿಕ್ಕ ಬೆಲೆ ಇದು.

ಇದಕ್ಕೂ ಮೊದಲು ಸರ್ಕಾರ ತೋರಿದ ಔದಾರ್ಯವನ್ನು ಮರೆಯಬಾರದು. ಅಪರೂಪದ ಕಾಯಿಲೆಗೆ ಒಬ್ಬರಿಗೆ 50 ಲಕ್ಷದವರೆಗೆ ನೆರವು! 20 ಕೆಜಿ ದಾಟಿದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ ಬೇಕು. 60 ಮಿಲಿಗ್ರಾಂ ಬಾಟಲಿ ಹನ್ನೆರಡು ದಿನಕ್ಕೆ ಖಾಲಿ. ಹಳೇ ಬೆಲೆಯಲ್ಲಿ 50 ಲಕ್ಷಕ್ಕೆ ಎಂಟು ಬಾಟಲಿ. ಜೀವನಪೂರ್ತಿ ಕುಡಿಯಬೇಕಾದ ಔಷಧಿ ಮೂರು ತಿಂಗಳಿಗೆ ಮುಗೀತು. ಆಮೇಲೆ ಮಗು ಆತ್ಮನಿರ್ಭರ ಆಗಬೇಕು. ಒಬ್ಬ ರೋಗಿಗೆ ಇನ್ನೂ 18 ಲಕ್ಷದ ಔಷಧಿ ಕೊಡಿ ಎಂದು ಕೇರಳ ಹೈಕೋರ್ಟ್ ಹೇಳಿದಾಗ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆಯಾಜ್ಞೆ ತಂದಿತು. ಅಷ್ಟು ಚುರುಕು ಬೇರೆ ಯಾವ ಫೈಲಿನಲ್ಲೂ ಕಂಡಿಲ್ಲ.

ಕಾಯಿಲೆ ಬರುವುದು ಜೀನ್‌ನಿಂದ. ಎಸ್‌ಎಂಎನ್‌1 ಎಂಬ ಜೀನ್‌ನ ದೋಷ ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಿಗೂ ಬರುತ್ತದೆ, ಆದವರಿಗೆ ಅಪಾಯ ಜಾಸ್ತಿ. ಒಂದು ರಕ್ತ ಪರೀಕ್ಷೆ ಸಾಕು, ಬಹುಪಾಲು ತಿಳಿಯಲು. ಆದರೆ ನಾವು ನೋಡುವುದು ಜಾತಕದ ನಾಡಿಕೂಟ, ಅದೂ ಹುಟ್ಟುವ ಮಕ್ಕಳ ಆರೋಗ್ಯಕ್ಕೆ ಅಂತಲೇ! ಗೋತ್ರ ಒಂದೇ ಆದರೆ ಯಾವುದೋ ಕಾಲದ ಋಷಿಯ ನೆಂಟಸ್ತಿಕೆಗೂ ಹೆದರುತ್ತೇವೆ. ಸೋದರಮಾವನಾದರೆ ಮಾತ್ರ, 'ಮನೆ ಹುಡುಗ, ಜಮೀನು ಹೊರಗೆ ಹೋಗಲ್ಲ'. ಮದುವೆ ವಿಡಿಯೋಕ್ಕೆ ಡ್ರೋನ್ ಹಾರಿಸಲು ದುಡ್ಡಿದೆ. ರಕ್ತ ಪರೀಕ್ಷೆ ಅಂದ ತಕ್ಷಣ ಹುಡುಗಿ ಕಡೆಯವರಿಗೂ ಸಿಟ್ಟು, ಹುಡುಗನ ಕಡೆಯವರಿಗೂ ಸಿಟ್ಟು.

ಇರಲಿ, ಬೆಲೆಗೆ ಬರೋಣ. 'ಖರ್ಚಿಗೆ ತಕ್ಕ ಫಲ ಇದೆಯೇ?' ಎಂದು ತೂಗುವವರು ಮಗುವನ್ನೇ ತಕ್ಕಡಿಗೆ ಹಾಕಿದರು, ಬೆಲೆ ಚೀಟಿಯನ್ನು ಮುಟ್ಟಲಿಲ್ಲ. ಮುಟ್ಟಲು ಕಾನೂನು ಇತ್ತು. 2012ರಲ್ಲಿ ಕ್ಯಾನ್ಸರ್ ಔಷಧಿ ನೆಕ್ಸಾವರ್‌ಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಮಾಡಿ ಮಾರಬಹುದು ಎಂಬ ಅನುಮತಿ, ಕೊಟ್ಟದ್ದು ಇದೇ ದೇಶ, ಪಡೆದದ್ದು ಇದೇ ನ್ಯಾಟ್ಕೋ. ಆಮೇಲೆ ಆ ಕಾನೂನಿಗೆ ಧೂಳು ಹಿಡಿಸಿ ಕೂತರು. ಈ ಕಡೆ ಅಪ್ಪ ಅಮ್ಮಂದಿರು ಮಗುವಿನ ಮೂಗಿನ ನಳಿಕೆ ಕಾಣುವಂತೆ ಫೋಟೋ ತೆಗೆದು ಫೇಸ್‌ಬುಕ್‌ನಲ್ಲಿ ಬೇಡಿದರು. ಬೇಡುತ್ತಿದ್ದಾಗಲೇ ಎಷ್ಟೋ ಮಕ್ಕಳು ಹೋದವು. ನಗು ಬರುತ್ತಿಲ್ಲ, ಕ್ಷಮಿಸಿ.

ಈಗ 50 ಲಕ್ಷಕ್ಕೆ ಹತ್ತು ವರ್ಷದ ಔಷಧಿ ಬರುತ್ತದೆ. ಅದೇ ಔಷಧಿ, ಅದೇ ಮಗು. ಸರ್ಕಾರಿ ನೆರವು ಸಿಗದವರಿಗೆ ಮಾತ್ರ ಈಗಲೂ ವರ್ಷಕ್ಕೆ 4.8 ಲಕ್ಷ ಹತ್ತಿರ ಬೇಕು.